ಒಂದೇ ಕೋಲಿನ ಸೇತುವೆ

ನನ್ನ ಕಸುಬು ಏನು ಅಂತ ಯಾರಾದರೂ ಕೇಳಿದರೆ ಸಾಕು, ಅಲ್ಲಿಂದ ಏನಾದರೊಂದು ಶುರುವಾಗುತ್ತದೆ. ರಾಟರ್‌ಡ್ಯಾಮಿನಲ್ಲಿ ಆಗಿದೆ, ನೈರೋಬಿಯಲ್ಲಿ ಆಗಿದೆ, ಸಿಂಗಪುರದ ವಿಮಾನ ನಿಲ್ದಾಣದಲ್ಲಿ ಒಬ್ಬ ಅಧಿಕಾರಿಯ ಎದುರು ಮುಕ್ಕಾಲು ತಾಸು ಆಗಿದೆ. ಆದರೆ ಗೋವಾದಲ್ಲಿ ಆದಷ್ಟು ಎಲ್ಲಿಯೂ ಆಗಲಿಲ್ಲ.

ಕಸುಬು ಇಷ್ಟೇ. ಎರಡೋ ಮೂರೋ ಕಂಪ್ಯೂಟರುಗಳು ಬೇರೆ ಬೇರೆ ಕಡೆ ಕುಳಿತು, ಒಂದಕ್ಕೊಂದು ತಂತಿಯ ಮೇಲೆ ಸುದ್ದಿ ಕಳಿಸುತ್ತ, ಕೂಡಿ ಒಂದು ಕೆಲಸ ಮಾಡುತ್ತವೆ ಅನ್ನಿ. ಅವುಗಳ ನಡುವೆ ಎಲ್ಲಿ ಡಿಕ್ಕಿಯಾಗುತ್ತದೆ, ಎಲ್ಲಿ ಒಂದರ ಮುಖ ಇನ್ನೊಂದು ನೋಡುತ್ತ ಕೂತುಬಿಡುತ್ತವೆ ಅನ್ನುವುದನ್ನು ಕೆಲಸಕ್ಕೆ ಹಚ್ಚುವ ಮೊದಲೇ ಹುಡುಕಿ ಹೇಳುವ ತಂತ್ರಾಂಶವೊಂದನ್ನು ನಾನು ಬರೆದಿದ್ದೆ. ಅದರ ಬುದ್ಧಿ ದೊಡ್ಡದಲ್ಲ. ಆಗಬಹುದಾದದ್ದನ್ನೆಲ್ಲ ಒಂದೊಂದಾಗಿ ಮಾಡಿ ನೋಡುತ್ತದೆ. ಬೇಸರ ಅನ್ನುವುದು ಅದಕ್ಕೆ ಗೊತ್ತಿಲ್ಲ. ನನಗೆ ಗೊತ್ತು. ಆದ್ದರಿಂದಲೇ ಎರಡು ವರ್ಷಕ್ಕಿಂತ ಹೆಚ್ಚು ನಾನು ಯಾವ ಊರಲ್ಲೂ ನಿಂತವಳಲ್ಲ.

ತೊಂಬತ್ತರ ದಶಕದ ಶುರುವಿಗೆ ಕುಂಡಯಿಯ ಕೈಗಾರಿಕಾ ವಸಾಹತಿನ ಒಂದು ಸಣ್ಣ ಕಂಪನಿಗೆ ಬಂದು ಸೇರಿದೆ. ಎಡಗಡೆ ಪ್ಲಾಸ್ಟಿಕ್ ಬಕೆಟ್ ಮಾಡುವ ಕಾರ್ಖಾನೆ, ಬಲಗಡೆ ಬಿಸ್ಕೀಟಿನದು, ನಡುವೆ ನಾವು. ಗಾಳಿ ಬೀಸಿದ ಕಡೆಯಿಂದ ನಮ್ಮ ದಿನ ಹೇಗಿರುತ್ತದೆ ಅನ್ನುವುದು ತಿಳಿಯುತ್ತಿತ್ತು. ಮಾಲೀಕನನ್ನು ಎಲ್ಲರೂ ಪಾತ್ರಾಂವ್ ಅನ್ನುತ್ತಿದ್ದರು. ಅಲ್ಲಿ ಧಣಿಗೆ ಹಾಗೇ ಅನ್ನುವುದು. ಅವನು ಮಾತಾಡುತ್ತಿದ್ದುದು ಕೊಂಕಣಿ. ನಿಮ್ಮ ಅನುಕೂಲಕ್ಕೆ ಕನ್ನಡದಲ್ಲೇ ಹೇಳುತ್ತೇನೆ.

೧. ಹುಣಸೆ ಬೀಜ

ಕಂಪ್ಯೂಟರಿಗೆ ಉಣಿಸುವ ಮೊದಲು ನಾನು ಎಲ್ಲವನ್ನೂ ಕಾಗದದ ಮೇಲೆ ಬರೆದು ನೋಡುತ್ತೇನೆ. ವೃತ್ತಗಳು, ನಡುವೆ ಅಡ್ಡಗೆರೆಗಳು, ಬಾಣಗಳು. ವೃತ್ತದೊಳಗೆ ಒಂದು ಚುಕ್ಕೆ ಇದ್ದರೆ ಅಲ್ಲಿ ಯಾರೋ ಕಾಯುತ್ತಿದ್ದಾರೆ ಅಂತ. ಚುಕ್ಕೆ ಸರಿದರೆ ಕೆಲಸ ಸರಿಯಿತು ಅಂತ. ಚುಕ್ಕೆ ಬರೆದು ಅಳಿಸಿ ಕಾಗದ ಹರಿಯುತ್ತದೆ ಎಂದು ನಾನು ಹುಣಸೆ ಬೀಜ ಇಟ್ಟು ಸರಿಸುತ್ತಿದ್ದೆ.

ಒಂದು ಮಧ್ಯಾಹ್ನ ಹಾಗೆ ಬೀಜ ಸರಿಸುತ್ತಿದ್ದಾಗ ಪಾತ್ರಾಂವ್ ಒಬ್ಬರನ್ನು ಕರೆತಂದ. ಸಾಂಗೆಯ ಕಡೆಯ ಒಂದು ಗಣಿಯ ಮ್ಯಾನೇಜರು. ಹಾಜರಿ ಪುಸ್ತಕವನ್ನು ಕಂಪ್ಯೂಟರಿಗೆ ಹಾಕಿಸಬಹುದೋ ಎಂದು ವಿಚಾರಿಸಲು ಬಂದವರು. ಪಾತ್ರಾಂವ್‌ಗೆ ಯಾವುದೋ ಫೋನು ಬಂದು ಒಳಗೆ ಹೋದ. ಮ್ಯಾನೇಜರು ನನ್ನ ಮೇಜಿನ ಎದುರು ನಿಂತರು. ನಾನು ಸರಿಸುತ್ತಿದ್ದ ಬೀಜಗಳನ್ನೇ ನೋಡಿದರು.

"ಇದು ಏನು ಹೇಳುತ್ತದೆ?" ಎಂದರು ಕೊನೆಗೆ, ದನಿ ಇಳಿಸಿ.

"ಅಡ್ಡ ಬಿದ್ದಿದೆ," ಎಂದೆ, ತಲೆ ಎತ್ತದೆ. "ಈ ಕಡೆಯವರು, ಆ ಕಡೆಯವರು ಮಾತಾಡಲಿ ಅಂತ ಕಾಯುತ್ತಿದ್ದಾರೆ. ಆ ಕಡೆಯವರು, ಇವರು ಮಾತಾಡಲಿ ಅಂತ. ಇಬ್ಬರದ್ದೂ ತಪ್ಪಿಲ್ಲ. ಹೀಗೇ ಬಿಟ್ಟರೆ ಕೊನೆಯವರೆಗೂ ಹೀಗೇ."

ಅವರು ಕುರ್ಚಿ ಎಳೆದುಕೊಂಡು ಕೂತರು. "ಪರಿಹಾರ?"

"ಯಾರಾದರೂ ಒಬ್ಬರು ಮೊದಲು ಬಾಯಿ ಬಿಡಬೇಕು. ಯಾರು ಅನ್ನುವುದು ಮುಖ್ಯವಲ್ಲ. ಯಾರು ಅನ್ನುವುದು ಮೊದಲೇ ಗೊತ್ತಿರಬೇಕು, ಅಷ್ಟೇ."

"ನಾವೇ ಬಿಟ್ಟರೆ ಸಣ್ಣವರಾಗುವುದಿಲ್ಲವೇ?"

ಪ್ರಶ್ನೆ ವಿಚಿತ್ರ ಅನ್ನಿಸಿತು. ಆದರೆ ನನ್ನ ಕೆಲಸದ ಬಗ್ಗೆ ಜನ ಯಾವಾಗಲೂ ವಿಚಿತ್ರ ಪ್ರಶ್ನೆಗಳನ್ನೇ ಕೇಳುತ್ತಾರೆ. "ಯಂತ್ರಕ್ಕೆ ದೊಡ್ಡವರು ಸಣ್ಣವರು ಗೊತ್ತಿಲ್ಲ," ಎಂದೆ.

ಎರಡು ವಾರ ಬಿಟ್ಟು ಮ್ಯಾನೇಜರು ಒಂದು ಪೆಟ್ಟಿಗೆ ಪೇಡೆ ಹಿಡಿದುಕೊಂಡು ಬಂದರು. ಅವರ ಮಗಳ ಸಂಬಂಧದ ಮಾತು ಒಂದು ವರ್ಷದಿಂದ ನಿಂತಿತ್ತಂತೆ. ಹುಡುಗನ ಕಡೆಯವರು ಇವರು ಕೇಳಲಿ ಅಂತ, ಇವರು ಅವರು ಕೇಳಲಿ ಅಂತ. ಈಗ ಇವರೇ ಹೋಗಿ ಕೇಳಿದ್ದರು. ಮದುವೆ ನಿಶ್ಚಯವಾಗಿತ್ತು. ಹಾಜರಿ ಪುಸ್ತಕದ ವಿಚಾರವನ್ನು ಅವರು ಎತ್ತಲೇ ಇಲ್ಲ. ಬದಲಿಗೆ, ಸಾವರ್ಡೆಯ ಆಚೆ ಗಣಿಯ ರಸ್ತೆಯಲ್ಲೊಂದು ಇಕ್ಕಟ್ಟಾದ ಸೇತುವೆ ಇದೆ, ಅದಕ್ಕೆ ಕಂಪ್ಯೂಟರಿನ ಸಿಗ್ನಲ್ ಕೂಡಿಸಿಕೊಡಿ ಎಂದರು. ಈ ಬಾಯಿಯವರೇ, ಅಂದರೆ ನಾನೇ, ಪರೀಕ್ಷೆ ಮಾಡಬೇಕು ಅನ್ನುವುದು ಅವರ ಒಂದೇ ಷರತ್ತು.

ನಾನು ಪಾತ್ರಾಂವ್‌ಗೆ ಇದು ಕಣಿಯಲ್ಲ ಎಂದು ನಿಜ ಹೇಳಿದೆ. ಅವನು ಪೇಡೆ ತಿನ್ನುತ್ತ ಕೇಳಿದ. ಮರುದಿನ ಬೆಳಿಗ್ಗೆ ಬಂದು ನನ್ನ ಮೇಜಿನ ಮೇಲೆ ತನ್ನ ಜಾತಕ ಇಟ್ಟ. "ಪುರುಸೊತ್ತಾದಾಗ ಇದಕ್ಕೂ ಒಮ್ಮೆ ಬೀಜ ಹಾಕಿ ನೋಡು."

೨. ಗಂಡ ಈ ಕಡೆ, ಹೆಂಡತಿ ಆ ಕಡೆ

ಸೇತುವೆ ನೋಡಲು ಹೋದೆ. ಒಂದು ಲಾರಿಯಷ್ಟೇ ಅಗಲ. ಎರಡೂ ತುದಿಗೆ ರಸ್ತೆ ತಿರುಗಿಕೊಳ್ಳುತ್ತದೆ, ತಿರುವಿನ ತುಂಬ ಗೇರು ಮರಗಳು. ಈ ತುದಿಯಲ್ಲಿ ನಿಂತವನಿಗೆ ಆ ತುದಿ ಕಾಣುವುದಿಲ್ಲ. ಅದಿರಿನ ಲಾರಿಗಳು ಎರಡೂ ಕಡೆಯಿಂದ ದಿನವಿಡೀ ಬರುತ್ತವೆ. ನಡುವೆ ಎದುರಾದರೆ ಹಿಂದೆ ಸರಿಯಲು ಜಾಗವಿಲ್ಲ, ಕೆಳಗೆ ಹೊಳೆ.

ಈ ತುದಿಯಲ್ಲಿ ಒಂದು ಕಲ್ಲಿನ ಮೇಲೆ ತೆಳ್ಳಗಿನ, ಬಿಳಿ ಗಡ್ಡದವರೊಬ್ಬರು ಕೂತಿದ್ದರು. ಡ್ರೈವರುಗಳು ಅವರನ್ನು ಚಾಚಾ ಅನ್ನುತ್ತಿದ್ದರು. ನನ್ನ ಹಿಂದಿಯನ್ನು ಎರಡು ವಾಕ್ಯ ಸಹಿಸಿಕೊಂಡು ಆಮೇಲೆ ಕೇಳಿದರು: "ನೀವು ನಮ್ಮ ಕಡ್ಯಾವ್ರೇನ್ರಿ ಅಕ್ಕಾರ?"

"ಧಾರವಾಡ," ಎಂದೆ.

"ನಾವು ಇಂಡಿ ಕಡ್ಯಾವ್ರು. ಇಲ್ಲಿಗಿ ಬಂದು ಭಾಳ ವರ್ಷ ಆತು. ಕುಂಡ್ರಿ."

ಕೂತೆ. ಸೇತುವೆಯನ್ನು ಹೇಗೆ ನಡೆಸುತ್ತೀರಿ ಎಂದು ಕೇಳಿದೆ. ಅವರು ತೊಡೆಯ ಮೇಲಿದ್ದ ಕೋಲನ್ನು ತೋರಿಸಿದರು. ಮೊಳಕೈಯಿಂದ ಬೆರಳ ತುದಿಯವರೆಗಿನ ಉದ್ದ, ಹಿಡಿದು ಹಿಡಿದು ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿತ್ತು.

"ಕೋಲು ಈ ಕಡಿ ಇದ್ರ ಈ ಕಡ್ಯಾವ್ರು ಹೋಗ್ತಾರ. ಒಂದು ಏಳೆಂಟು ಲಾರಿ ಬಿಡ್ತೀನಿ. ಗುಂಪಿನಾಗ ಕಡೀಕ ಹೋಗ್ತಾನಲ್ರಿ, ಆ ಡ್ರೈವರ್ ಕೈಯಾಗ ಕೋಲು ಕೊಡ್ತೀನಿ. ಆಂವ ಆ ಕಡಿ ನಮ್ಮಾಕಿ ಕೈಯಾಗ ಕೊಡ್ತಾನ. ಕೋಲು ಮುಟ್ಟಿತಂದ್ರ ಸೇತುವಿ ಖಾಲಿ ಆತು ಅಂತ. ಆಮ್ಯಾಲ ಆಕಿ ಆ ಕಡ್ಯಾವ್ರನ್ನ ಬಿಡ್ತಾಳ, ಕಡೀ ಲಾರಿಯಾಗ ಕೋಲು ನನಗ ಬರ್ತೈತಿ. ಕೋಲು ನೋಡಲಾರದ ಯಾರೂ ಸೇತುವಿ ಹತ್ತಂಗಿಲ್ಲ."

ಅವರ ಹೆಂಡತಿ ಆ ತುದಿಯಲ್ಲಿ ಚಹಾದ ಒಲೆ ಇಟ್ಟುಕೊಂಡು ಕೂತಿದ್ದಳು. ಎಷ್ಟೋ ವರ್ಷದಿಂದ ಹಗಲು ಹೊತ್ತು ಗಂಡಹೆಂಡಿರು ಒಬ್ಬರ ಮುಖ ಒಬ್ಬರು ನೋಡಿದ್ದಿಲ್ಲ. ನಡುವೆ ಓಡಾಡುತ್ತಿದ್ದುದು ಆ ಕೋಲು ಒಂದೇ.

ಹಾಲೆಂಡಿನಲ್ಲಿ ನಾನು ಇದೇ ಉಪಾಯವನ್ನು ಒಂದು ಇಡೀ ಚಳಿಗಾಲ ಕೂತು ಕಲಿತಿದ್ದೆ. ಕಲಿಸಿದ ಪ್ರಾಧ್ಯಾಪಕರು ಮೂವರು. ಮೂವರಲ್ಲಿ ಒಬ್ಬರ ವಿವರಣೆ ಇನ್ನೊಬ್ಬರಿಗೆ ಒಪ್ಪಿಗೆಯಿರಲಿಲ್ಲ. ಇದನ್ನು ಚಾಚಾಗೆ ಹೇಳಲಿಲ್ಲ.

ಮಾತಿನ ನಡುವೆ ಚಾಚಾ ಒಂದು ಗುಂಪು ಬಿಟ್ಟು ಕೋಲು ಕಳಿಸಿದ್ದರು. ಅಷ್ಟರಲ್ಲಿ ಆ ಕಡೆಯ ಗುಂಪಿನ ಕೊನೆಯ ಲಾರಿ ಅದನ್ನು ಹಿಂದಕ್ಕೆ ತಂದಿತು. ಡ್ರೈವರು ಒಂದು ಡಬ್ಬಿಯನ್ನೂ ಕೊಟ್ಟು ಹೋದ. ರೊಟ್ಟಿ, ಪುಂಡಿ ಪಲ್ಲೆ. ಊಟವೂ ಕೋಲಿನ ಜೊತೆಯೇ ಬರುತ್ತಿತ್ತು.

ಚಾಚಾ ರೊಟ್ಟಿ ಮುರಿದು ಅರ್ಧ ನನಗೆ ಕೊಟ್ಟು, ಇಲ್ಲಿಯವರೆಗೆ ಕೇಳದೆ ಇಟ್ಟುಕೊಂಡಿದ್ದನ್ನು ಕೇಳಿದರು: "ನಿಮ್ಮ ಮಿಷನ್ ಬಂದ್ರ ನಾವು?"

ಗಣಿ ಮ್ಯಾನೇಜರು ನನಗೆ ಸ್ಪಷ್ಟವಾಗಿ ಹೇಳಿದ್ದರು. ದೀಪ ಬಂದ ದಿನ ಇಬ್ಬರಿಗೂ ಕೆಲಸವಿಲ್ಲ. ಸೇತುವೆಯ ಪಕ್ಕದ ತಗಡಿನ ಮನೆ ಗಣಿಯದು. ಕೆಲಸ ಹೋದರೆ ಮನೆಯೂ ಹೋಗುತ್ತದೆ. ನಾನು ರೊಟ್ಟಿ ಹಿಡಿದುಕೊಂಡು, "ಇನ್ನೂ ಪರೀಕ್ಷೆ ಆಗಬೇಕು," ಎಂದೆ. ಇದು ಸುಳ್ಳಲ್ಲ, ಆದರೆ ಉತ್ತರವೂ ಅಲ್ಲ.

ಚಾಚಾ ಪಲ್ಲೆಯ ಡಬ್ಬಿಯನ್ನು ನನ್ನ ಕಡೆ ಸರಿಸಿದರು. "ನಿಮ್ಮ ಎರಡೂ ಪೆಟ್ಟಿಗಿ ಒಂದಕ್ಕೊಂದು ಸುದ್ದಿ ಕಳಸ್ತಾವಂತ. ಖರೇನ?"

"ಖರೇ."

"ರೊಟ್ಟಿ ಕಳಸ್ತಾವೇನ್ರಿ?"

"ಇಲ್ಲ."

"ಮತ್ತೇನ್ ಸುದ್ದಿರಿ ಅದು."

೩. ಒಂದು ಷರತ್ತು

ಕುಂಡಯಿಗೆ ಬಂದವಳೇ ಮೊದಲು ಕೋಲನ್ನು ನನ್ನ ತಂತ್ರಾಂಶಕ್ಕೆ ಹಾಕಿದೆ. ಯಾರೂ ಕೇಳಿರಲಿಲ್ಲ. ಒಂಬತ್ತು ವೃತ್ತ, ಒಂದೇ ಚುಕ್ಕೆ. ನಾನು ಚಹಾ ತಂದು ಕೂರುವುದರೊಳಗೆ ಉತ್ತರ ಬಂದಿತ್ತು. ಡಿಕ್ಕಿ ಎಂದೂ ಆಗುವುದಿಲ್ಲ. ಕೆಲಸ ಎಂದೂ ನಿಲ್ಲುವುದಿಲ್ಲ. ಆದರೆ ಒಂದು ಷರತ್ತು: ಕೋಲು ಕೈಗೆ ಬಂದವರು ಎಂದಾದರೂ ಅದನ್ನು ಬಿಟ್ಟುಕೊಡಬೇಕು.

ಮುಂದಿನ ಸಲ ಸೇತುವೆಗೆ ಹೋದಾಗ ಚಾಚಾಗೆ ಇದನ್ನು ಹೇಳಿದೆ. ಅವರು ಕೋಲನ್ನು ನನ್ನ ಕೈಗೆ ಕೊಟ್ಟು, ಹೊರಟಿದ್ದ ಗುಂಪಿನ ಕೊನೆಯ ಲಾರಿಯ ಕಡೆ ತೋರಿಸಿದರು. "ಹತ್ರಿ. ಆ ಷರತ್ತು ಆಕಿಗಿ ಹೇಳ್ರಿ. ನಾ ಹೇಳಿದ್ರ ಕೇಳಂಗಿಲ್ಲ."

ಮೂರು ಖಂಡ ತಿರುಗಿದ್ದೇನೆ. ಕೈಯಲ್ಲಿ ಅಷ್ಟು ಅಧಿಕಾರ ಹಿಡಿದು ಯಾವ ಸೇತುವೆಯನ್ನೂ ದಾಟಿರಲಿಲ್ಲ.

ಚಾಚಿ ದಪ್ಪ ಕನ್ನಡಕದ, ನಿಧಾನ ಮಾತಿನ ಹೆಂಗಸು. ಕೋಲು ಇಸಿದುಕೊಂಡು ತನ್ನ ಕಡೆಯ ಲಾರಿಗಳನ್ನು ಬಿಟ್ಟಳು. ಆಮೇಲೆ ನನ್ನ ಷರತ್ತನ್ನು ಪೂರ್ತಿ ಕೇಳಿದಳು.

"ಒಮ್ಮಿ ಕೊಟ್ಟಿರಲಿಲ್ರಿ," ಎಂದಳು. "ವಾಸ್ಕೋದಾಗ ನಮ್ಮ ತಂಗಿ ಮನಿಗಿ ಕರ್ಕೊಂಡು ಹೋಗ್ತೀನಂದಾಂವ ಮೂರು ಸಲ ಮರ್ತಾ. ನಾಕನೇ ಸಲ ಕೋಲು ಒಲಿ ಹಿಂದ ಇಟ್ಟು ಕುಂತೆ."

"ಆಮೇಲೆ?"

"ಎಲ್ಡೂ ಕಡಿ ಲಾರಿ ನಿಂತ್ವು. ಆ ಕಡೀಂದ ಡ್ರೈವರ್‌ಗೋಳು ನಡ್ಕೊಂತ ಬಂದ್ರು. ಚಾಚಿ ಮಾಫ್ ಮಾಡು ಅಂದ್ರು, ನಾವಽ ನಿಮ್ಮನ್ನ ವಾಸ್ಕೋಕ ಬಿಡ್ತೀವಿ ಅಂದ್ರು. ಹದಿನೇಳು ಮಂದಿ ಬಂದು ಕೈ ಮುಗದ್ರು. ಆಂವ ಮಾತ್ರ ಬರಲಿಲ್ಲ."

"ಸಿಟ್ಟು ಬಂದಿತ್ತೇನು ಅವರಿಗೆ?"

"ಸಿಟ್ಟಲ್ರಿ," ಎಂದಳು ಚಾಚಿ, ಚಹಾ ಸೋಸುತ್ತ. "ಕೋಲಿಲ್ಲದ ಆಂವ ಸೇತುವಿ ಹತ್ತಂಗಿಲ್ಲ."

೪. ಆಯುಧ ಪೂಜೆ

ಸಿಗ್ನಲ್ಲಿನ ಪ್ರೋಗ್ರಾಮು ಬರೆದವನು ಮಡಗಾಂವಿನ ಒಬ್ಬ ಯುವಕ. ಅವನಷ್ಟು ಸಭ್ಯನನ್ನು ನಾನು ಕಂಡಿಲ್ಲ. ಆಫೀಸಿನ ಬಾಗಿಲಲ್ಲಿ ಅವನೂ ನಾನೂ ಎದುರಾದರೆ ಇಬ್ಬರೂ ಹೊರಗೇ ಉಳಿಯುತ್ತಿದ್ದೆವು.

ಸೇತುವೆಯ ಎರಡು ತುದಿಗೆ ಎರಡು ಪೆಟ್ಟಿಗೆ, ನಡುವೆ ತಂತಿ. ಲಾರಿ ಬಂದು ನಿಂತರೆ ಆ ಕಡೆಯ ಪೆಟ್ಟಿಗೆಗೆ ಗೊತ್ತಾಗುತ್ತದೆ. ಅದು ಎದುರಿನದಕ್ಕೆ "ನಾನು ಬಿಡಲೇ?" ಎಂದು ಕೇಳುತ್ತದೆ. ಎದುರಿನದು ಸುಮ್ಮನಿದ್ದರೆ ಹಸಿರು ದೀಪ. ಎದುರಿನದೂ ಅದೇ ಹೊತ್ತಿಗೆ ಕೇಳಿದರೆ, ಇದು "ನೀವೇ ಮೊದಲು" ಎಂದು ಹಿಂದೆ ಸರಿದು, ಐದು ಸೆಕೆಂಡು ಕಾದು ಮತ್ತೆ ಕೇಳುತ್ತದೆ. ತನ್ನ ಸ್ವಭಾವವನ್ನೇ ಎರಡು ಪೆಟ್ಟಿಗೆಯಲ್ಲಿ ತುಂಬಿಸಿದ್ದ.

ಹುಣಸೆ ಬೀಜ ಸರಿಸುವಾಗಲೇ ನನಗೆ ಅನುಮಾನ ಬಂತು. "ಎರಡೂ ಒಂದೇ ಕ್ಷಣಕ್ಕೆ ಕೇಳಿದರೆ ಎರಡೂ ಸರಿಯುತ್ತವೆ. ಎರಡೂ ಐದೈದು ಸೆಕೆಂಡು ಕಾದು ಮತ್ತೆ ಒಂದೇ ಕ್ಷಣಕ್ಕೆ ಕೇಳುತ್ತವೆ. ಆಮೇಲೆ?"

"ಒಂದೇ ಕ್ಷಣಕ್ಕೆ ಅಂದರೆ ಸೆಕೆಂಡಿನ ಸಾವಿರದಲ್ಲೊಂದು ಭಾಗ," ಎಂದ ಅವನು, ವಿನಯದಿಂದ. "ಗೋವಾದಲ್ಲಿ ಇಬ್ಬರು ಮನುಷ್ಯರು ಅಷ್ಟು ಕರಾರುವಾಕ್ಕಾಗಿ ಬಂದದ್ದನ್ನು ನೀವು ನೋಡಿದ್ದೀರಾ?"

ನೋಡಿರಲಿಲ್ಲ. ಆದರೆ ನನ್ನ ತಂತ್ರಾಂಶ ಗೋವಾದ್ದಲ್ಲ. ಅದಕ್ಕೆ ಎಲ್ಲವನ್ನೂ ನೋಡಬೇಕು. ಅವನು ಪೆಟ್ಟಿಗೆಗಳಲ್ಲಿ ಇಟ್ಟಿದ್ದ ಗಡಿಯಾರ, ಲಾರಿಗಳ ಎಣಿಕೆ, ಇನ್ನೊಂದು ಮತ್ತೊಂದು ಸೇರಿ ನೋಡಬೇಕಾದದ್ದು ಬೆಟ್ಟದಷ್ಟಾಯಿತು. ನಮ್ಮಲ್ಲಿದ್ದ ಒಂದೇ ಕಂಪ್ಯೂಟರಿಗೆ ಅದನ್ನು ಹಚ್ಚಿದೆ. ಒಂಬತ್ತು ದಿನ ಬೇಕು ಎಂದು ಲೆಕ್ಕ ಹಾಕಿದ್ದೆ. ಯಾರೂ ಮುಟ್ಟಬಾರದು ಎಂದು ಮೂರು ಭಾಷೆಯಲ್ಲಿ ಬರೆದು ಅಂಟಿಸಿದೆ.

ಎಂಟನೆಯ ದಿನ ಖಂಡೇನವಮಿ ಬಂತು.

ಬೆಳಿಗ್ಗೆ ಆಫೀಸಿಗೆ ಬಂದರೆ ಪಾತ್ರಾಂವ್ ರೇಷ್ಮೆ ಪಂಚೆಯಲ್ಲಿ ನಿಂತಿದ್ದ. ಪಕ್ಕದಲ್ಲಿ ಭಟ್ಟರು. ಟೈಪ್‌ರೈಟರು, ಸ್ಟೇಪ್ಲರು, ಪ್ರೋಗ್ರಾಮರನ ಸ್ಕೂಟರು, ಎಲ್ಲಕ್ಕೂ ಚೆಂಡು ಹೂವಿನ ಮಾಲೆ ಬಿದ್ದಿತ್ತು. ನನ್ನ ಕಂಪ್ಯೂಟರು ಮಾತ್ರ ಗುಂಯ್ ಎನ್ನುತ್ತಿತ್ತು.

"ಆರಿಸು," ಎಂದ ಪಾತ್ರಾಂವ್. "ಆಯುಧಕ್ಕೆ ಇವತ್ತು ವಿಶ್ರಾಂತಿ."

"ಆರಿಸಿದರೆ ಎಂಟು ದಿನದ್ದು ಹೋಗುತ್ತದೆ. ಮೊದಲಿಂದ ಶುರು ಮಾಡಬೇಕು."

"ಬಕೆಟ್ಟಿನವರು ನಿಲ್ಲಿಸಿದ್ದಾರೆ. ಬಿಸ್ಕೀಟಿನವರು ನಿಲ್ಲಿಸಿದ್ದಾರೆ. ನಿನ್ನದೇನು ಹೆಚ್ಚಿನದೇ?"

"ಇದು ಒಂದು ದೋಷ ಹುಡುಕುತ್ತಿದೆ."

"ಹಬ್ಬದ ದಿನ ದೋಷ ಹುಡುಕಬಾರದು," ಎಂದರು ಭಟ್ಟರು, ಹರಿವಾಣ ಸರಿಪಡಿಸಿಕೊಳ್ಳುತ್ತ.

ನಾನು ಎಲ್ಲ ದೇಶಗಳಲ್ಲಿ ವಾದ ಮಾಡಿದ್ದೇನೆ, ಕೆಲವು ಕಡೆ ಗೆದ್ದಿದ್ದೇನೆ. ಆರತಿ ಹಿಡಿದವರ ಎದುರು ಎಲ್ಲಿಯೂ ಗೆದ್ದಿಲ್ಲ. ಭಟ್ಟರು ಮಂತ್ರ ಹೇಳಿ ಕುಂಕುಮ ಎರಚಿದರು. ಆರಿಸುವ ಮೊದಲು ಪಾತ್ರಾಂವ್ ಪರದೆಯ ಮುಂದೆ ಬಗ್ಗಿ ಓದಿದ. ಅಲ್ಲಿ "ಈವರೆಗೆ ದೋಷ ಸಿಕ್ಕಿಲ್ಲ" ಎಂಬ ಅರ್ಥದ ಒಂದು ಸಾಲು ಇತ್ತು.

"ದೋಷ ಸಿಕ್ಕಿಲ್ಲ ಅಂತ ಇದೇ ಹೇಳುತ್ತಿದೆಯಲ್ಲ," ಎಂದ. "ಅದೂ ಭಟ್ಟರ ಎದುರಿಗೆ. ನಾಳೆ ವಿಜಯದಶಮಿ, ಒಳ್ಳೆಯ ದಿನ. ಸಿಗ್ನಲ್ಲಿನ ಉದ್ಘಾಟನೆ ನಾಳೆಯೇ."

ನಾನೂ ಬಗ್ಗಿ ನೋಡಿದೆ. "ಈವರೆಗೆ" ಅನ್ನುವ ಪದದ ಮೇಲೆ ಕುಂಕುಮ ಬಿದ್ದಿತ್ತು.

೫. ಮುಹೂರ್ತ

ಉದ್ಘಾಟನೆಯ ಏರ್ಪಾಟು ಪಾತ್ರಾಂವ್‌ನದೇ. ಭಟ್ಟರು ಹತ್ತು ಗಂಟೆ ಹದಿನೆಂಟು ನಿಮಿಷದ ಮುಹೂರ್ತ ಕೊಟ್ಟಿದ್ದರು. ಆ ನಿಮಿಷಕ್ಕೆ ಗಣಿ ಮ್ಯಾನೇಜರು ಒಂದು ಗುಂಡಿ ಒತ್ತಬೇಕು. ಎರಡೂ ತುದಿಯ ಪೆಟ್ಟಿಗೆಗಳಿಗೆ ಒಮ್ಮೆಲೇ ಕರೆಂಟು ಹೋಗಬೇಕು. ಎರಡೂ ತುದಿಯಲ್ಲಿ ಮಾಲೆ ಹಾಕಿದ ಒಂದೊಂದು ಲಾರಿ ಮೊದಲೇ ಬಂದು ಸಿದ್ಧವಾಗಿ ನಿಂತಿರಬೇಕು, ಶೋಭೆಗೆ.

ನಾನು ಪ್ರೋಗ್ರಾಮರನ ಕಡೆ ನೋಡಿದೆ. ಅವನು ನನ್ನ ಕಡೆ ನೋಡಲಿಲ್ಲ. ಎರಡು ಪೆಟ್ಟಿಗೆಗಳು ಒಂದೇ ಗುಂಡಿಯಿಂದ, ಒಂದೇ ಕ್ಷಣಕ್ಕೆ ಕಣ್ಣು ಬಿಟ್ಟು, ಎದುರಿಗೆ ಒಂದೊಂದು ಲಾರಿ ಕಾಣಲಿವೆ. ಗೋವಾದಲ್ಲಿ ಆಗುವುದಿಲ್ಲ ಎಂದು ಅವನು ಹೇಳಿದ್ದನ್ನು ಭಟ್ಟರು ಪಂಚಾಂಗ ನೋಡಿ ಗೊತ್ತುಮಾಡಿಕೊಟ್ಟಿದ್ದರು.

ಚಾಚಾ ತಮ್ಮ ಕಲ್ಲಿನ ಪಕ್ಕ ನಿಂತಿದ್ದರು. ತಗಡಿನ ಮನೆಯ ಬಾಗಿಲಲ್ಲಿ ಎರಡು ಟ್ರಂಕು ಕಟ್ಟಿ ಇಟ್ಟಿದ್ದವು. ಅವರಿಗೆ ಯಾರೂ ಏನೂ ಹೇಳಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಮ್ಯಾನೇಜರು ಗುಂಡಿ ಒತ್ತಿದರು. ಕೆಂಪು ದೀಪ ಹತ್ತಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಕೆಂಪು ಹಾಗೇ ಉಳಿಯಿತು.

"ಆ ಕಡೆ ಹಸಿರು ಇರಬೇಕು," ಎಂದ ಪಾತ್ರಾಂವ್.

ಪ್ರೋಗ್ರಾಮರು ನಡೆದು ಹೋಗಿ ನೋಡಿ ಬಂದ. ಆ ಕಡೆಯೂ ಕೆಂಪು.

ಇಪ್ಪತ್ತು ನಿಮಿಷ ಕಳೆಯಿತು. ಹಿಂದೆ ಲಾರಿಗಳ ಸಾಲು ಬೆಳೆಯಿತು, ಹಾರ್ನು ಶುರುವಾದವು. ಮ್ಯಾನೇಜರು ನನ್ನ ಪಕ್ಕ ಬಂದು ಮೆಲ್ಲಗೆ ಕೇಳಿದರು. "ಯಾರು ಯಾರಿಗೆ ಕಾಯುತ್ತಿದ್ದಾರೆ?"

"ಇಬ್ಬರೂ ಇಬ್ಬರಿಗೆ."

"ನಮ್ಮ ಸಂಬಂಧದ ಹಾಗೆ?"

"ಹಾಗೆಯೇ. ಆದರೆ ಇವು ಮೊದಲು ಬಾಯಿ ಬಿಡುವುದಿಲ್ಲ. ಬರೆದವರು ಬಹಳ ಸಭ್ಯರು."

ಮ್ಯಾನೇಜರು ಚಾಚಾ ಕಡೆ ತಿರುಗಿದರು. "ಕೋಲು ಎಲ್ಲಿ?"

"ಆಕಿ ಕಡಿ ಐತ್ರಿ ಸಾಹೇಬ್ರ."

"ಹೋಗಿ ತಾ."

"ಕೋಲಿಲ್ಲದ ನಾ ಸೇತುವಿ ಹತ್ತಂಗಿಲ್ರಿ," ಎಂದರು ಚಾಚಾ, ವಿನಯದಿಂದ.

ಪ್ರೋಗ್ರಾಮರು ಓಡಿದ. ಬರಿಗೈಯಲ್ಲಿ ಬಂದ. "ನಾಳೆಯಿಂದ ಇಬ್ಬರಿಗೂ ಕೆಲಸ ಇದೆಯೋ ಇಲ್ಲವೋ ಅಂತ ಚಾಚಿ ಕೇಳುತ್ತಿದ್ದಾಳೆ."

"ಆಮೇಲೆ ನೋಡೋಣ ಅನ್ನು," ಎಂದರು ಮ್ಯಾನೇಜರು.

ಓಡಿದ. ಬಂದ. "ಕೋಲೂ ಆಮೇಲೆ ನೋಡೋಣ ಅಂದಳು."

ಹಾರ್ನು ಜೋರಾಯಿತು. ಜೆಟ್ಟಿಯಲ್ಲಿ ಅದಿರಿಗಾಗಿ ದೋಣಿಗಳು ಕಾಯುತ್ತಿವೆ ಎಂದು ಯಾರೋ ಜೀಪಿನಲ್ಲಿ ಬಂದು ಹೇಳಿದರು. ಮ್ಯಾನೇಜರು ಹಣೆ ಒರೆಸಿಕೊಂಡರು. "ಸರಿ. ಕೆಲಸ ಇದೆ ಅನ್ನು."

ಓಡಿದ. ಬಂದ. ಅಂಗಿ ಬೆವರಿನಲ್ಲಿ ತೊಯ್ದಿತ್ತು. "ಬರೆದು ಕೊಡಲಿ ಅಂದಳು. ಮನೆಯದನ್ನ ಬೇರೆ ಸಾಲಿನಲ್ಲಿ ಬರೆಯಬೇಕಂತೆ."

ಯಾರ ಬಳಿಯೂ ಕಾಗದವಿರಲಿಲ್ಲ. ನಾನು ಚೀಲದಿಂದ ವೃತ್ತ, ಬಾಣಗಳ ಹಾಳೆಯನ್ನು ತೆಗೆದುಕೊಟ್ಟೆ. ಅದರ ಹಿಂದೆ ಮ್ಯಾನೇಜರು ಬರೆದರು. ಸೇತುವೆ ಇರುವವರೆಗೆ ಇಬ್ಬರಿಗೂ ಕೆಲಸ. ಬೇರೆ ಸಾಲಿನಲ್ಲಿ ಮನೆ. ಕೆಳಗೆ ಸಹಿ.

ಪ್ರೋಗ್ರಾಮರು ನಾಲ್ಕನೆಯ ಸಲ ಓಡಿದ. ಸ್ವಲ್ಪ ಹೊತ್ತಿಗೆ ಗೇರು ಮರಗಳ ತಿರುವಿನಿಂದ ಲಾರಿಗಳು ಒಂದೊಂದಾಗಿ ಬಂದವು. ಕೊನೆಯ ಲಾರಿಯ ಕಿಟಕಿಯಿಂದ ಕೋಲು ಹೊರಗೆ ಚಾಚಿತ್ತು. ಹಿಂದಿನ ದಿನ ಡ್ರೈವರುಗಳು ಲಾರಿಗೆ ಮಾಲೆ ಹಾಕುವಾಗ ಅದಕ್ಕೂ ಒಂದು ಎಳೆ ಚೆಂಡು ಹೂ ಸುತ್ತಿದ್ದರು. ಚಾಚಾ ಕೋಲು ಇಸಿದುಕೊಂಡು, ಟ್ರಂಕಿನ ಕಡೆ ಒಮ್ಮೆ ನೋಡಿ, ಕಲ್ಲಿನ ಮೇಲೆ ಕೂತರು.

ಅದೇ ಲಾರಿಯಿಂದ ಇಳಿದ ಪ್ರೋಗ್ರಾಮರು ಏದುಸಿರು ಬಿಡುತ್ತ ನನ್ನ ಪಕ್ಕ ನಿಂತ. "ನಾಲ್ಕು ಸುದ್ದಿಯಲ್ಲಿ ಒಪ್ಪಂದ ಆಯಿತು. ನಮ್ಮ ಪೆಟ್ಟಿಗೆಗಳು ಇಷ್ಟರಲ್ಲಿ ಎಷ್ಟು ಕಳಿಸಿರಬಹುದು?"

"ಅವಕ್ಕೆ ತೊಂದರೆ ಕೊಡಬೇಡ," ಎಂದೆ. "ಇನ್ನೂ ಮಾತಾಡುತ್ತಿವೆ."

೬. ಸ್ಪೇರ್

ಗಣಿಗೆ ಕೊಡಬೇಕಾದ ಕೊನೆಯ ವರದಿಯಲ್ಲಿ ನಾನು ಒಂದು ಸಾಲು ಸೇರಿಸಿದೆ. ಕರೆಂಟು ಹೋದಾಗ, ಅಥವಾ ಎರಡೂ ದೀಪ ಕೆಂಪಾಗಿಯೇ ಉಳಿದಾಗ ಬೇಕಾದ ಸಾಧನ: ಕೋಲು, ಮತ್ತು ಅದನ್ನು ಬಲ್ಲ ಇಬ್ಬರು. ಅಲ್ಲಿ ಕರೆಂಟು ಹೋಗುವುದೇ ಹೆಚ್ಚು. ಹೀಗಾಗಿ ಸೇತುವೆಯನ್ನು ನಡೆಸುತ್ತಿದ್ದುದು ಕೋಲೇ. ನಾನು ಸಮಾಧಾನದಿಂದ ಇದ್ದೆ. ಸಮಾಧಾನ ಬಂದಾಗ ನಾನು ಊರು ಬಿಡುವವಳು. ಟಿಕೇಟಿನ ವಿಚಾರ ಮಾಡುತ್ತಿದ್ದೆ.

ಆಗ ಗಣಿಯ ಸ್ಟೋರಿನಿಂದ ಒಂದು ಚೀಟಿಯ ನಕಲು ನಮ್ಮ ಆಫೀಸಿಗೆ ಬಂತು. ಸ್ಟೋರ್ ಕೀಪರು ನನ್ನ ವರದಿಯನ್ನು ಓದಿದ್ದ. ಇಡೀ ಗೋವಾದಲ್ಲಿ ಓದಿದವನು ಅವನೊಬ್ಬನೇ. ಮುಖ್ಯ ಸಾಧನ ಯಾವುದಿದ್ದರೂ ಒಂದು ಸ್ಪೇರ್ ಕಡ್ಡಾಯ ಅನ್ನುವುದು ಅವರ ಸ್ಟೋರಿನ ನಿಯಮ. ಹಳೆಯ ಕೋಲನ್ನು ಜಮಾ ಮಾಡಿಕೊಂಡು, ಸಾಗವಾನಿಯ ಎರಡು ಹೊಸ ಕೋಲುಗಳನ್ನು ಕೆಂಪು ಬಿಳಿ ಬಣ್ಣ ಹೊಡೆಸಿ, ಒಂದು, ಎರಡು ಎಂದು ನಂಬರು ಹಾಕಿಸಿ ಕಳಿಸಿದ್ದ. ಕೆಳಗೆ ಬರೆದಿದ್ದ: "ಯಾರೂ ಯಾರಿಗಾಗಿಯೂ ಕಾಯುವ ಪ್ರಸಂಗ ಬಾರದಂತೆ ಸೇತುವೆಯ ಪ್ರತಿ ತುದಿಗೆ ಒಂದೊಂದು ಕೋಲು ನೀಡಲಾಗಿದೆ."

ಕೋಲು ಯಾರ ಕೈಯಲ್ಲಿದೆಯೋ ಅವರ ಕಡೆಯ ಲಾರಿ ಸೇತುವೆ ಹತ್ತಬಹುದು. ಈಗ ಇಬ್ಬರ ಕೈಯಲ್ಲೂ ಇದೆ. ಆದರೂ ಅಭ್ಯಾಸ ಬಿಡಲಿಲ್ಲ, ಕಂಪ್ಯೂಟರಿಗೆ ಹಾಕಿದೆ. ಎರಡು ಚುಕ್ಕೆ. ಏಳನೆಯ ಹೆಜ್ಜೆಗೆ ಎರಡು ಲಾರಿ ನಡು ಸೇತುವೆಯಲ್ಲಿ ಎದುರುಬದುರು. ಗಣಿಗೆ ಫೋನು ಹಚ್ಚಿದರೆ ಹತ್ತಲಿಲ್ಲ. ಉತ್ತರದ ಹಾಳೆ ಹರಿದುಕೊಂಡು ಪ್ರೋಗ್ರಾಮರನ ಸ್ಕೂಟರಿನ ಹಿಂದೆ ಕೂತೆ.

ಕುಂಡಯಿಯಿಂದ ಸಾವರ್ಡೆಯವರೆಗೆ ಎಷ್ಟು ತಿರುವುಗಳಿವೆ ಅನ್ನುವುದು ಅವತ್ತು ಗೊತ್ತಾಯಿತು. ಪ್ರತಿ ತಿರುವಿನಲ್ಲೂ ಅವನು ನಿಂತು ಎಲ್ಲರಿಗೂ ದಾರಿ ಬಿಟ್ಟ. ಒಂದು ಕಡೆ ಎಮ್ಮೆಗೂ ಬಿಟ್ಟ. ಎಮ್ಮೆಯೂ ಇವನಿಗೆ ಬಿಟ್ಟು ನಿಂತಿತು. ನಾನು ಇಳಿದು ಎಮ್ಮೆಯನ್ನು ದಾಟಿಸಿದೆ.

ಸೇತುವೆಗೆ ಬಂದೆವು. ಕರೆಂಟಿರಲಿಲ್ಲ, ದೀಪಗಳು ಆರಿದ್ದವು. ಆ ಕಡೆಯಿಂದ ಲಾರಿಗಳು ಶಾಂತವಾಗಿ ಬರುತ್ತಿದ್ದವು. ಕೊನೆಯವನು ಕೆಂಪು ಬಿಳಿ ಕೋಲೊಂದನ್ನು ಚಾಚಾ ಕೈಗೆ ಕೊಟ್ಟು ಹೋದ. ನಂಬರು ಒಂದು.

"ಇನ್ನೊಂದು ಎಲ್ಲಿ?" ಎಂದೆ, ಸ್ಕೂಟರು ನಿಲ್ಲುವ ಮೊದಲೇ.

"ಕುಂಡ್ರಿ ಅಕ್ಕಾರ. ಉಸರು ಹಿಡೀರಿ ಮದಲ."

ಕೂತೆ.

"ಮುಂಜಾನೆ ಸ್ಟೋರಿನ ಜೀಪ್ ಬಂದಿತ್ರಿ," ಎಂದರು ಚಾಚಾ. "ಹಳೇ ಕೋಲು ಇಸ್ಕೊಂಡ್ರು. ನನಗ ಒಂದು ಹೊಸಾದು ಕೊಟ್ರು. ಇನ್ನೊಂದು ಆಕಿಗಿ ಕೊಡಾಕ ಹೋದ್ರು. ಎಲ್ಡು ಕೋಲು ಅಂದ್ರ ಒಂದೂ ಇಲ್ಲ ಅಂತ ಲೆಕ್ಕ. ನಾ ಲಾರಿ ಬಿಡಲಿಲ್ಲ. ಅರ್ಧಾ ತಾಸು ಹಿಂಗ ಹಿಡ್ಕೊಂಡು ಕುಂತೆ. ಡ್ರೈವರ್‌ಗೋಳು ಬೈದ್ರು."

"ಆಮೇಲೆ?"

"ಆಮ್ಯಾಲ ಆ ಕಡಿ ಹೊಗಿ ಎದ್ದಿತು. ಆಕಿ ಒಲಿ ಹೊಗಿ ಬೆಳ್ಳಗಿರ್ತೈತ್ರಿ. ಇದು ಕರ್ರಗ ಬಂತು. ಬಣ್ಣದ್ದು. ಸುಟ್ಟಳು ಅಂತ ತಿಳೀತು. ಲಾರಿ ಬಿಟ್ಟೆ."

ನಾನು ಹಾಳೆಯನ್ನು ಮಡಚಿದೆ. ಹೊಗೆಯ ಮೂಲಕ ಬರುವ ಸುದ್ದಿಗೆ ನನ್ನ ತಂತ್ರಾಂಶದಲ್ಲಿ ವೃತ್ತವಿರಲಿಲ್ಲ. ಆದರೂ ಕಸುಬಿನ ಹುಳ ಕಡಿಯಿತು. "ಚಾಚಾ, ನಿಮಗೆ ಹೊಳೆದದ್ದೇ ಅವರಿಗೂ ಹೊಳೆದಿದೆ. ಅದೇ ಹೊತ್ತಿಗೆ ನೀವೂ ನಿಮ್ಮದನ್ನು ಸುಟ್ಟಿದ್ದರೆ? ಒಂದೂ ಕೋಲು ಉಳಿಯುತ್ತಿರಲಿಲ್ಲ. ಸೇತುವೆ ಕಾಯಂ ಬಂದ್."

ಚಾಚಾ ನನ್ನನ್ನು ಕನಿಕರದಿಂದ ನೋಡಿದರು. "ಲಗ್ನ ಆಗಿ ಮೂವತ್ತು ವರ್ಷ ಆತ್ರಿ ಅಕ್ಕಾರ. ಸುಡಾಕಿ ಯಾವಾಗ್ಲೂ ಆಕೀನ. ನಾ ಕಾಯಾಂವ."

ಪ್ರೋಗ್ರಾಮರು ಜೇಬಿನಿಂದ ಪುಸ್ತಕ ತೆಗೆದು ಇದನ್ನು ಬರೆದುಕೊಂಡ. ಮರುವಾರ ಪೆಟ್ಟಿಗೆಗಳನ್ನು ತಿದ್ದಿದ. ಎರಡೂ ಒಮ್ಮೆಲೇ ಕೇಳಿದರೆ ಆ ತುದಿಯ ಪೆಟ್ಟಿಗೆ ಹಿಂದೆ ಸರಿಯುವುದಿಲ್ಲ. ಸರಿಯುವುದು ಯಾವಾಗಲೂ ಈ ತುದಿಯದೇ. ನನ್ನ ತಂತ್ರಾಂಶ ಒಂಬತ್ತು ದಿನ ಹುಡುಕಿತು. ಈ ಸಲ ನಡುವೆ ಹಬ್ಬ ಬರಲಿಲ್ಲ. ದೋಷ ಸಿಗಲಿಲ್ಲ.

ಹೊಗೆ ಎದ್ದ ಅವತ್ತೇ ಕೋಲು ಹಿಡಿದು ಕೊನೆಯ ಲಾರಿಯಲ್ಲಿ ಆ ಕಡೆಗೆ ಹೋದೆ. ಚಾಚಿ ಚಹಾ ಕೊಟ್ಟಳು. ಒಂದು ಗುಟುಕು ಕುಡಿದೆ. ಪೇಂಟಿನ ವಾಸನೆ.

"ಸಾಗವಾನಿರಿ," ಎಂದಳು ಚಾಚಿ. "ಭಾಳ ಚಲೋ ಉರೀತು. ಇನ್ನೊಂದೆಲ್ಡು ಕಳಸಾಕ ಹೇಳ್ರಿ."

ವರ್ಷದ ಕೊನೆಗೆ, ನಾನು ಮುಂದಿನ ಊರಿಗೆ ಪೆಟ್ಟಿಗೆ ಕಟ್ಟುತ್ತಿದ್ದಾಗ, ಸ್ಟೋರ್ ಕೀಪರನ ಪತ್ರ ಬಂತು. ದಾಸ್ತಾನು ಪರಿಶೀಲನೆಯಲ್ಲಿ ಕೋಲು ನಂಬರು ಎರಡು, ಸ್ಪೇರ್, ಕಂಡುಬಂದಿಲ್ಲ. ವರದಿ ಬರೆದವರು ನೀವಾದ್ದರಿಂದ ಅದು ಎಲ್ಲಿದೆ, ಯಾವ ಸ್ಥಿತಿಯಲ್ಲಿದೆ, ಯಾವ ಉಪಯೋಗದಲ್ಲಿದೆ ಎಂದು ಲಿಖಿತವಾಗಿ ತಿಳಿಸಬೇಕು.

ಸುಳ್ಳು ಬರೆಯಲು ಮನಸ್ಸಾಗಲಿಲ್ಲ. ನನ್ನ ಕಸುಬಿನ ಭಾಷೆಯಲ್ಲೇ ಉತ್ತರಿಸಿದೆ: "ವ್ಯವಸ್ಥೆಯ ಸುರಕ್ಷತೆಯನ್ನು ಖಚಿತಪಡಿಸುವ ಪರೀಕ್ಷೆಯಲ್ಲಿ ಪೂರ್ತಿಯಾಗಿ ಬಳಕೆಯಾಗಿದೆ. ಫಲಿತಾಂಶ ಸಮಾಧಾನಕರ."

ಅವನು ಬಹಳ ಶಿಸ್ತಿನ ಮನುಷ್ಯ. ಹದಿನೈದು ದಿನದೊಳಗೆ, ಮುಂದಿನ ಪರೀಕ್ಷೆಗಳಿಗೆಂದು, ಒಂದು ಡಜನ್ ಕೋಲು ಸೇತುವೆಗೆ ಕಳಿಸಿದ. ಮುಂದಿನ ಮಳೆಗಾಲ ಚಾಚಿ ಸೌದೆ ಕೊಳ್ಳಲಿಲ್ಲ.